ಹಸ ಬಿಚ್ಚಿ ಮನೆ ನೋಡಿದ ಕತೆ

ನಮ್ಮೂರಲ್ಲಿ ಇಂಗ್ಲೀಷು ಸರ್ಯಾಗಿ ಬರೋದು ಇಬ್ರಿಗೇ. ಒಬ್ಳು ನಮ್ಮಕ್ಕ ಸವಿತ. ಶ್ರೀರಂಗಪಟ್ಣದ ಒಂದು ಕಾನ್ವೆಂಟಲ್ಲಿ ನಾಕನೇ ಕ್ಲಾಸ್ ಮಕ್ಳಿಗೆ ಇಂಗ್ಲೀಷ್ ಹೇಳ್ಕೊಡ್ತಾಳೆ. ಇನ್ನೊಬ್ಬ ನಾನು, ಚೇತ. ಪಾಂಡವಪುರದಲ್ಲಿ ಸೆಕೆಂಡ್ ಪಿಯುಸಿ. ನನಗೆ ಇಂಗ್ಲೀಷ್ ಬತ್ತದೆ ಅನ್ನೋ ವಿಷಯ ಇನ್ನೂ ನಮ್ಮ ಇಂಗ್ಲೀಷ್ ಲೆಕ್ಚರರ್ರಿಗೆ ತಿಳಿದಿಲ್ಲ. ನನ್ನ ಮಾರ್ಕ್ಸ್ ಕಾರ್ಡ್ ನೋಡಿದ್ರೆ ಗೊತ್ತಾಯ್ತದೆ, ಪಾಪ, ಆ ಮನುಷ್ಯ ಎಷ್ಟು ಕತ್ತಲೇಲವ್ರೆ ಅಂತ.

ಈ ಕತೆಗೆಲ್ಲ ಮೂಲ ಒಂದು ಪಾತ್ರೆ ಹಾಲು.

ಒಂದಿನ ಸಂಜೆ ಅವ್ವ ಒಲೆ ಮೇಲೆ ಹಾಲಿಟ್ಟು, ನೋಡ್ತಿರ್ಲಾ ಅಂತ ಹೇಳಿ ಹಿತ್ಲಿಗೆ ಹೋದ್ಲು. ನಾನು ನೋಡ್ತಾನೇ ಇದ್ದೆ. ಹಾಲೂ ನೋಡ್ತಿದ್ದೆ, ಮೊಬೈಲೂ ನೋಡ್ತಿದ್ದೆ. ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆ ಇಳಿದು, ನನ್ನ ಕಾಲ್ಬೆರಳು ಸುಟ್ಟಾಗ ಹಾಲಿನ ಕಡೆಯಿಂದ ನನಗೆ ಮೊದಲ್ನೇ ಸುದ್ದಿ ಬಂತು. ಅವ್ವ ಸೌಟು ಹಿಡ್ಕಂಡು ಬಂದ್ಲು. ನಾನು ನ್ಯಾಯವಾಗೇ ವಾದ ಮಾಡ್ದೆ. ನೀನು ನೋಡು ಅಂದೆ, ನೋಡ್ದೆ. ಹಿಡ್ಕೊ ಅಂದಿದ್ರೆ ಹಿಡ್ಕೋತಿದ್ದೆ. ಸೌಟಿಗೆ ಕಾನೂನು ಗೊತ್ತಿರ್ಲಿಲ್ಲ.

ಚೆಲ್ಲಿದ ಹಾಲು ಒರೆಸ್ತಾ ಒರೆಸ್ತಾ ಅಕ್ಕ ಪಾಠ ತೆಗೆದ್ಲು. ಇಂಗ್ಲೀಷಲ್ಲಿ ನೋಡೋದು ಮೂರು ತರ ಐತಂತೆ. ಹಾಲಿನ ಕಡೆ ಬೇಕಂತಲೇ ಕಣ್ಣು ತಿರುಗ್ಸಿದ್ರೆ ಲುಕ್ಕು. ನೀನು ಬೇಡ ಅಂದ್ರೂ ಹಾಲೇ ಬಂದು ಕಣ್ಣಿಗೆ ಬಿದ್ರೆ ಸೀ. ಈಗ ಏನಾಯ್ತದೋ, ಇನ್ನೊಂದು ಗಳಿಗೇಲಿ ಏನಾಯ್ತದೋ ಅಂತ ಕಣ್ಣು ಕೀಳದೆ ಕಾಯ್ಕಂಡು ನಿಂತ್ರೆ ವಾಚು.

"ನೀನು ಲುಕ್ ಮಾಡ್ದೆ. ಉಕ್ಕಿದ್ಮೇಲೆ ಸೀ ಮಾಡ್ದೆ. ಅವ್ವ ಹೇಳಿದ್ದು ವಾಚ್ ಮಾಡು ಅಂತ," ಅಂದ್ಲು.

ನನಗೆ ಜ್ಞಾನೋದಯ ಆಗೋಯ್ತು! ಮಾರ್ನೇ ದಿನದಿಂದ ಊರವ್ರಿಗೆಲ್ಲ ಹಂಚಕ್ಕೆ ಸುರು ಮಾಡ್ದೆ. ನಮ್ಮ ಭಾಷೇಲಿ ನೋಡು ಅನ್ನೋದು ಒಂದೇ ಕಣ್ರಪ್ಪ, ಹೆಣ್ಣೂ ನೋಡ್ತೀವಿ, ಟಿ.ವಿ.ನೂ ನೋಡ್ತೀವಿ, ಜ್ವರ ಮುಟ್ಟಿ ನೋಡ್ತೀವಿ, ಸಾರಿನ ಉಪ್ಪು ನಾಲಗೇಲಿ ನೋಡ್ತೀವಿ, ಇದೇನು ಭಾಷೆನಾ ಸಂತೆ ಚೀಲನಾ ಅಂತ. ಕಣ್ಣಿಗೆ ಪೊರೆ ಬಂದಿರೋ ನಮ್ಮಜ್ಜಿಗೂ ಹೇಳ್ದೆ. ಅಜ್ಜಿ ಎಲೆಅಡಿಕೆ ಕುಟ್ಟೋದು ನಿಲ್ಲಿಸ್ದೇನೆ, "ನಾನು ನೋಡ್ತಾನೇ ಅವ್ನಿ ಕಣ್ಲಾ, ಕಾಣಾಕಿಲ್ಲ," ಅಂತು. ಅದ್ರಲ್ಲೇ ಲುಕ್ಕು, ಸೀ ಎರಡೂ ಆಗೋಯ್ತು ಅನ್ನೋದು ನನಗೆ ಹೊಳೀಲಿಲ್ಲ. ಓದಿಲ್ದಿರೋರಿಗೆ ವಿವರಿಸೋದು ಕಷ್ಟ ಅಂತ ಮುಂದಕ್ಕೆ ಹೋದೆ.

ಅಷ್ಟ್ರಲ್ಲಿ ಅಕ್ಕನ್ನ ನೋಡಕ್ಕೆ ಅಕ್ಕಿಹೆಬ್ಬಾಳಿಂದ ಗಂಡಿನ ಕಡೆಯೋರು ಬಂದ್ರು. ಹುಡುಗನ ಹೆಸ್ರು ಮಾದೇಶ. ಗದ್ದೆ, ಹಸ, ಜೊತೆಗೆ ಊರ ಡೈರೀಲಿ ಹಾಲು ಅಳೆಯೋ ಕೆಲಸ. ಬಂದಾಗಿಂದ ಹೋಗೋಗಂಟ ನೆಲಾನೇ ನೋಡ್ತಿದ್ದ. ನಮ್ಮ ಹಜಾರದಲ್ಲಿ ಯಾವ ಕಲ್ಲು ಬಿರುಕು ಬಿಟ್ಟೈತೆ ಅಂತ ಕೇಳಿದ್ರೆ ಈಗ್ಲೂ ಹೇಳ್ತಾನೆ. ಅಕ್ಕನ ಮೂಗು ಯಾವ ಕಡೆ ಐತೆ ಅಂತ ಕೇಳಿದ್ರೆ ಡೌಟು. ಅಕ್ಕನಿಗೆ ಮಾತ್ರ ಹುಡುಗ ಹಿಡಿಸ್ದಂಗಿತ್ತು. ಹಿತ್ಲಲ್ಲಿ ಇಬ್ರನ್ನೂ ಮಾತಾಡಕ್ಕೆ ಬಿಟ್ಟಾಗ ನೇರವಾಗಿ ಕೇಳೇಬಿಟ್ಟವ್ಳೆ. ಮದ್ವೆ ಆದ್ಮೇಲೂ ನಾನು ಕೆಲಸಕ್ಕೆ ಹೋಗ್ತೀನಿ, ಕೆ.ಆರ್. ಪೇಟೇಲಿ ಯಾವ್ದಾದ್ರೂ ಸ್ಕೂಲು ಹುಡುಕ್ಕೋತೀನಿ, ಆಯ್ತದಾ ಅಂತ. ಮಾದೇಶ ಒಂದು ಕಲ್ಲು ನೋಡಿ, ಇನ್ನೊಂದು ಕಲ್ಲು ನೋಡಿ, "ನೋಡಣ," ಅಂದ್ನಂತೆ.

ನೋಡಣ! ನಮ್ಮ ಸೀಮೇಲಿ ಈ ಮಾತಿನ ಅರ್ಥ ಎಳೆ ಮಕ್ಳಿಗೂ ಗೊತ್ತು. ಬೈಕ್ ಕೊಡ್ಸಪ್ಪ ಅಂತ ನಾನು ಏಳನೇ ಕ್ಲಾಸಲ್ಲಿ ಕೇಳ್ದಾಗ ಅಪ್ಪ ನೋಡಣ ಅಂದಿದ್ದ. ಇವತ್ತಿಗೂ ನೋಡ್ತಾನೇ ಅವ್ನೆ.

ಆಮೇಲೆ ನಮ್ಮೋರು ಹೋಗಿ ಹುಡುಗನ ಮನೆ ನೋಡ್ಕಂಡು ಬರೋ ಸರದಿ. ಹೆಣ್ಣು ಕೊಡೋರು ಗಂಡಿನ ಮನೆ, ಗದ್ದೆ, ಕೊಟ್ಟಿಗೆ ಎಲ್ಲಾನೂ ಕಣ್ಣಾರೆ ನೋಡದೆ ಹೂಂ ಅನ್ನಂಗಿಲ್ಲ. ಹೊರಟಿದ್ದು ಮೂರು ಜನ. ಅಪ್ಪ, ಸೋದರಮಾವ ಬೋರಣ್ಣ, ನಾನು. ಹೆಣ್ಣು ಮಾತ್ರ ಹೋಗಂಗಿಲ್ಲ, ಅವ್ಳು ಬರೀ ಬಾಳೋಳು ತಾನೆ.

ಹಿಂದಿನ ದಿನ ಅಕ್ಕ ನನ್ನ ಹಿತ್ಲಿಗೆ ಕರ್ದು ಒಂದು ಕೆಲಸ ಒಪ್ಸಿದ್ಲು.

"ಗದ್ದೆ, ಗೋಡೆ, ಹಸ ಎಲ್ಲ ಮಾವ ನೋಡ್ಕತಾನೆ. ನೀನು ಒಂದೇ ಒಂದು ವಾಚ್ ಮಾಡು. ತಿಂಡಿ ತಿಂದಾದ್ಮೇಲೆ ಆ ಹುಡುಗ ತಟ್ಟೆ ಏನು ಮಾಡ್ತಾನೆ ಅಂತ. ಬೆಳಗೆದ್ದು ಬಸ್ ಹಿಡಿಯೋಳು ನಾನು. ತಟ್ಟೆ ಎತ್ತೋ ಗಂಡನಾದ್ರೆ ಬಸ್ ಸಿಕ್ತದೆ. ಕುಂತಲ್ಲೇ ತಟ್ಟೇಲಿ ಕೈ ತೊಳೆಯೋನಾದ್ರೆ ನನ್ ಕೆಲಸ ಅವತ್ತಿಗೇ ಮುಗೀತು."

ನಾನು ನಕ್ಕೆ. ಇಷ್ಟೇನಾ ಅಂದೆ. ಅಕ್ಕ ನಗಲಿಲ್ಲ. ನೀನು ಬಂದು ಹೇಳೋದ್ರ ಮೇಲೆ ನಾನು ಹೂಂ ಅಂತೀನಿ ಇಲ್ಲ ಊಹೂಂ ಅಂತೀನಿ, ಅಪ್ಪನ್ನ ಕೇಳಂಗಿಲ್ಲ, ಅವ್ನು ಹುಟ್ಟಿದಾಗಿಂದ ತಟ್ಟೆ ಎತ್ತಿಲ್ಲ, ಎತ್ತಿದ್ರೂ ಅವ್ನಿಗೆ ಗೊತ್ತಾಗಕಿಲ್ಲ ಅಂದ್ಲು. ಸದರಿ ಜವಾಬ್ದಾರಿಯನ್ನು ನಾನು ತುಂಬು ಹೃದಯದಿಂದ ಸ್ವೀಕರಿಸ್ದೆ. ವಾಚ್ ಮಾಡಕ್ಕೆ ಬೇಕು ಅಂತ ಗೆಳೆಯನ ಹತ್ರ ಒಂದು ಕಪ್ಪು ಕೂಲಿಂಗ್ ಗ್ಲಾಸೂ ಈಸ್ಕಂಡೆ.

ದಾರೀಲಿ ನನ್ನ ಕೆಡಿಸಿದ್ದು ಬೋರಣ್ಣ ಮಾವ. ಮನೆ ನೋಡೋದ್ರಲ್ಲಿ ಆ ಮಾವ ಸುತ್ತ ಏಳೂರಿಗೆ ಎಕ್ಸ್‌ಪರ್ಟು. ಕಾರು ಚಿನಕುರಳಿ ದಾಟೋದ್ರೊಳಗೇ ಎರವಲು ಕತೆ ಬಿಚ್ಚಿದ. ನಾಗಮಂಗಲದ ಕಡೆ ಎಲ್ಲೋ ಒಂದು ಮನೇಲಿ, ಹೆಣ್ಣಿನ ಕಡೆಯೋರು ಬರೋ ದಿನ ಅಕ್ಕಪಕ್ಕದಿಂದ ಸೀಮೆಹಸ ತಂದು ಕಟ್ಟಿದ್ರಂತೆ. ಟ್ರಾಕ್ಟರು ಎರವಲು, ಫ್ರಿಡ್ಜು ಎರವಲು. ಮದ್ವೆ ಆಗಿ ಹುಡುಗಿ ಹೋಗಿ ನೋಡ್ತಾಳೆ, ಕೊಟ್ಟಿಗೇಲಿ ಬರೀ ಗೂಟ. "ಗಂಡೊಬ್ಬ ಸ್ವಂತದವ್ನಾಗಿದ್ದ, ಅದೇ ಪುಣ್ಯ," ಅಂದ ಮಾವ.

ನನ್ನ ತಲೇಲಿ ಟಕ್ ಅಂತ ಬಲ್ಬು ಹತ್ತಿತು. ಅಕ್ಕ ತಟ್ಟೆ ಮಾತ್ರ ವಾಚ್ ಮಾಡು ಅಂದವ್ಳೆ. ನಾನು ಇಡೀ ಮನೇನೇ ವಾಚ್ ಮಾಡಿ ಮೋಸ ಬಯಲಿಗೆಳೆದ್ರೆ? ಅಕ್ಕ ಇರ್ಲಿ, ಊರೇ ಕೊಂಡಾಡ್ತದೆ. ಅಲ್ಲಿಗೆ ತಟ್ಟೆ ವಿಷಯ ಎರಡ್ನೇ ನಂಬ್ರಕ್ಕೆ ಇಳೀತು.

ಅಕ್ಕಿಹೆಬ್ಬಾಳು ಮುಟ್ಟಿದ್ವಿ. ಮನೆ ಮುಂದೆ ಅಂಗಳ, ಪಕ್ಕಕ್ಕೆ ಕೊಟ್ಟಿಗೆ. ಮಾದೇಶನ ಅವ್ವ ಜಯಮ್ಮ ಬಾಗ್ಲಿಗೆ ಬಂದು ಕೈಕಾಲಿಗೆ ನೀರು ಕೊಟ್ರು. ನಾನು ಕೂಲಿಂಗ್ ಗ್ಲಾಸ್ ತೆಗೀದೇನೆ ಗತ್ತಲ್ಲಿ ಒಳಗೆ ಕಾಲಿಟ್ಟೆ. ಕಂಬ ಒಂದು ನನ್ನ ಎದುರುಗೊಂಡಿತು. ಆ ಮನೇಲಿ ನಾನು ಮೊದಲು ಪತ್ತೆ ಹಚ್ಚಿದ್ದು ಅದನ್ನೇ, ಹಣೇಲಿ.

ಮಾವನದು ಲುಕ್ಕು. ತೆಂಗಿನ ಮರಕ್ಕೆ ಲುಕ್ಕು, ಬೋರ್‌ವೆಲ್ಲಿಗೆ ಲುಕ್ಕು. ಗೋಡೆ ಬಡಿದು ಕಿವಿಗೊಟ್ಟು ಕೇಳ್ದ, ಡಾಕ್ಟ್ರು ಎದೆ ನೋಡ್ದಂಗೆ. ಅಪ್ಪಂದು ಸೀ. ಸುಮ್ನೆ ಕುಂತಿದ್ದ, ಕಣ್ಣಿಗೆ ಬಿದ್ದಿದ್ದು ಬೀಳ್ಲಿ ಅಂತ. ವಾಚು ಅನ್ನೋ ಘನವಾದ ಕಾರ್ಯ ನನ್ನೊಬ್ಬನ ಹೆಗಲ ಮೇಲಿತ್ತು.

ಒಪ್ಪಿಗೆ ಆಗದೆ ಗಂಡಿನ ಮನೇಲಿ ಊಟ ಮಾಡಂಗಿಲ್ಲ ಅಂತ ಮಾವ ಮೊದಲೇ ಕಟ್ಟುನಿಟ್ಟಾಗಿ ಹೇಳ್ಬಿಟ್ಟ. ಅದಕ್ಕೆ ಉಪ್ಪಿಟ್ಟು, ಕೇಸರಿಬಾತು, ಬೋಂಡ ಬಂತು. ಊಟ ಮಾಡ್ದೆ ಇರೋ ಮಾವ ಮೂರ್ಸಲ ಬಡಿಸ್ಕಂಡ. ಮಾದೇಶ ನಮ್ಮ ಸಾಲಲ್ಲೇ ಸ್ಟೀಲ್ ತಟ್ಟೆ ಹಿಡ್ಕಂಡು, ಈಗ ತನ್ನ ಮನೆ ನೆಲಾನೇ ನೋಡ್ತಾ ಕುಂತಿದ್ದ. ನನ್ನಿಂದ ಒಂದು ಮಾರು ದೂರ. ಕತ್ತು ಅತ್ಲಾಗೆ ತಿರುಗ್ಸಿದ್ರೆ ಸಾಕಿತ್ತು.

ನನ್ನ ಕತ್ತು ಇತ್ಲಾಗಿತ್ತು. ಬಾಗ್ಲಾಚೆ ಕೊಟ್ಟಿಗೇಲಿ ಮೂರು ಕರೀಬಿಳೀ ಸೀಮೆಹಸ ಮೇವು ತಿಂತಿದ್ವು. ನಾಕನೇದು ಒಂದು ಕೆಂದ ನಾಟಿ ಹಸ. ಅದೊಂದು ಮೇವಿಗೆ ಬಾಯಿ ಹಾಕ್ದೆ ಪಕ್ಕದ ಮನೇನೇ ನೋಡ್ತಾ ನಿಂತಿತ್ತು. ಎಲ್ಲದ್ರ ಹಗ್ಗ ಹಳೇದು, ಇದ್ರದ್ದು ಹೊಸ್ದು. ಇನ್ನೇನು ಸಾಕ್ಷಿ ಬೇಕು? ಪಕ್ಕದ ಮನೆ ಹಸ! ಎರವಲು! ಬೋಂಡ ನನ್ನ ಬಾಯಲ್ಲೇ ನಿಂತೋಯ್ತು.

ಬಿಚ್ಚಿದ ಹಸ ತನ್ನಟ್ಟಿಗೆ ತಾನೇ ಹೋಯ್ತದೆ. ಇದು ನಮ್ಮ ಕಡೆ ಯಾರನ್ನ ಕೇಳಿದ್ರೂ ಹೇಳ್ತಾರೆ. ಅಂದ್ಮೇಲೆ ಬಿಚ್ಚಿ ನೋಡಿದ್ರಾಯ್ತು. ತಟ್ಟೆ ಕೆಳಗಿಟ್ಟೆನೋ, ಕಿಟಕೀಲಿ ಇಟ್ಟೆನೋ, ಗಾಳೀಲಿ ಬಿಟ್ಟೆನೋ ಗೊತ್ತಿಲ್ಲ. ಮೆಲ್ಲಗೆ ಎದ್ದು, ಹೊರಗೆ ಬಂದು, ಹೊಸ ಗಂಟಿನ ಜೊತೆ ಬಾಳ ಹೊತ್ತು ಗುದ್ದಾಡಿ, ಗೂಟದಿಂದ ಹಗ್ಗ ಬಿಚ್ದೆ.

ಕೆಂದ ಹಸ ನನ್ನ ಕಡೆ ತಿರುಗೀನೂ ನೋಡ್ಲಿಲ್ಲ. ದಿನಾ ಆಫೀಸಿಗೆ ಹೋಗೋರಂಗೆ ನೆಟ್ಟಗೆ ನಡ್ಕಂಡು ಹೋಗಿ ಪಕ್ಕದ ಮನೆ ಅಂಗಳಕ್ಕೆ ನುಗ್ಗಿತು. ನನಗೆ ಮೈ ಜುಂ ಅಂತು. ಓಡ್ಬಂದು ಮಾವನ ಕಿವೀಲಿ ಎರವಲು ಹಸ ಅಂತ ಉಸುರ್ದೆ.

ಬೋರಣ್ಣ ಮಾವನಿಗೆ ಗುಟ್ಟು ಹೇಳೋದೂ ಮೈಕಲ್ಲಿ ಹೇಳೋದೂ ಒಂದೇ. ಕಾಫಿ ಲೋಟ ಕೆಳಗಿಟ್ಟು ಗಂಟಲು ಸರಿ ಮಾಡ್ಕಂಡ. "ಜಯಮ್ಮೋರೆ, ಆ ಕೆಂದ ಹಸ ನಿಮ್ದಲ್ವಂತಲ್ಲ."

ಜಯಮ್ಮ ಬಾಗ್ಲಿಗೆ ಬಂದು ಪಕ್ಕದ ಅಂಗಳ ನೋಡಿದ್ರು. ಅಲ್ಲಿ ನಮ್ಮ ಸಾಕ್ಷಿದಾರ ಹಸ ಒಂದು ಕಲ್ಲು ಬಾನಿಗೆ ಕೊಂಬಿನವರೆಗೂ ಮೂತಿ ಇಳಿಸಿ ಅಕ್ಕಿ ತೊಳೆದ ನೀರು ಹೀರ್ತಿತ್ತು.

"ಹಸ ನಂದೇ ಕಣಪ್ಪ," ಅಂದ್ರು ಜಯಮ್ಮ. "ಕಲಗಚ್ಚು ಅವ್ರುದು."

ದಿನಾ ಈ ಹೊತ್ತಿಗೆ ಪಕ್ಕದ ಮನೆಯೋರು ಕಲಗಚ್ಚು ತುಂಬ್ಸಿಡ್ತಾರಂತೆ. ದಿನಾ ಈ ಹೊತ್ತಿಗೆ ಇದು ಹೋಗಿ ಕುಡ್ಕಂಡು ಬತ್ತದಂತೆ. ಇವತ್ತು ನೆಂಟರು ಬತ್ತಾರೆ ಅಂತ ಹೊಸ ಹಗ್ಗ ಹಾಕಿ ಕಟ್ಟಿದ್ರಂತೆ. ಇಷ್ಟು ಹೇಳಿ ಜಯಮ್ಮ ಇನ್ನೊಂದೇ ಮಾತು ಕೇಳಿದ್ರು. "ಬಿಚ್ಚಿದ್ದು ಯಾರು?"

ಮಾವ ನನ್ನ ಲುಕ್ ಮಾಡ್ದ. ಅಪ್ಪ ನನ್ನ ಸೀ ಮಾಡ್ದ. ಆ ಗಳಿಗೇಲಿ ನನ್ನ ಮುಂದೆ ಎರಡು ದಾರಿ. ಒಪ್ಪಿಕೊಳ್ಳೋದು, ಇಲ್ಲ ಹೀರೋ ಆಗೋದು. ನಾನು ತಂದು ಕಟ್ತೀನಿ ತಡೀರಿ ಅಂತ ಒಂದೇ ನೆಗೆತಕ್ಕೆ ಹೋಗಿ ಹಗ್ಗ ಹಿಡ್ದೆ. ಕಲಗಚ್ಚು ಕುಡಿಯೋವಾಗ ಹಸನ ಎಳೆಯೋದೂ ಉಣ್ತಾ ಕುಂತ ಬೋರಣ್ಣ ಮಾವನ್ನ ಎಬ್ಸೋದೂ ಎರಡೂ ಅಪಾಯ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಹಸ ಬೆದರಿ ಓಡ್ತು. ಹಗ್ಗ ನನ್ನ ಕೈಗೆ ಸುತ್ಕಂಡಿತ್ತು. ಅಕ್ಕಿಹೆಬ್ಬಾಳಿನ ಅರ್ಧ ಊರನ್ನ ನಾನು ಆವತ್ತು ನೋಡಿದ್ದು ಹೊಟ್ಟೆ ಮೇಲೆ ಮಲಗ್ಕಂಡೇ! ಕೊನೆಗೆ ಒಂದು ತಿಪ್ಪೆ ಬಂತು. ಹಸ ಬಳಸ್ಕಂಡು ಹೋಯ್ತು. ನಾನು ಬಳಸ್ಲಿಲ್ಲ.

ತಿಪ್ಪೆಯಿಂದ ತಲೆ ಎತ್ತಿದಾಗ ಮಾದೇಶ ಹಿತ್ಲಿಂದ ಓಡ್ಬರ್ತಿದ್ದ. ಪಂಚೆ ಮೇಲೆ ಕಟ್ಟಿ, ಮೊಣಕೈವರೆಗೂ ಬೂದಿ, ಒಂದು ಕೈಲಿ ತೆಂಗಿನ ನಾರು. ಇವ್ನೆಂಥ ಹೆಡ್ಡ ಅನ್ಕಂಡೆ. ಹಸ ಹಿಡಿಯಕ್ಕೆ ಯಾರಾದ್ರೂ ನಾರು ತತ್ತಾರಾ? ಅವ್ನು ನಿಂತ್ಕಂಡು ಮೆಲ್ಲಗೆ ಕೆಂದೀ ಅಂತ ಕರ್ದ, ಅಷ್ಟೇ. ಓಡ್ತಿದ್ದ ಹಸ ಎಲ್ಕೇಜಿ ಮಗು ತರ ತಿರುಗಿ ಬಂದು ಅವ್ನ ಪಕ್ಕ ನಿಂತ್ಕತು. ಅವ್ನು ಹಸಿನ ಮೈ ತಡವಿ, ಆಮೇಲೆ ನನಗೆ ಕೈ ಕೊಟ್ಟು ಎಬ್ಸಿ, ಪೆಟ್ಟಾಯ್ತಾ ತಮ್ಮ ಅಂತ ಕೇಳ್ದ. ಕೂಲಿಂಗ್ ಗ್ಲಾಸಿಂದು ಒಂದು ಕಡ್ಡಿ ಮಾತ್ರ ಸಿಕ್ತು.

ಹೊರಡೋವಾಗ ಅಪ್ಪ ತಲೆ ಎತ್ತಲಿಲ್ಲ. ಜಯಮ್ಮ ಕುಂಕುಮದ ಬಟ್ಲು ಒಳಗಿಟ್ಟು, ಹೇಳಿ ಕಳಿಸ್ತೀವಿ ಅಂದ್ರು. ಕಾರಲ್ಲಿ ನನ್ನ ಹಿಂದಿನ ಸೀಟಲ್ಲಿ ಪೇಪರ್ ಹಾಸಿ ಕುಂಡ್ರಿಸಿ, ಕಿಟಕಿ ಎಲ್ಲ ತೆಗೆದ್ರು. ಕೆ.ಆರ್. ಪೇಟೆ ದಾಟ್ತಿದ್ದಂಗೆ ಮಾವ ಹೇಳ್ದ, ಹೇಳಿ ಕಳಿಸ್ತೀವಿ ಅಂದ್ರೆ ಮುಗೀತು ಅಂತ ಅರ್ಥ, ಒಳ್ಳೆ ಸಂಬಂಧ ಒಂದು ಹಸಿನ ಹಗ್ಗದಲ್ಲಿ ಹೋಯ್ತು ಅಂತ. ಎರವಲು ಕತೆ ಹೇಳಿದ್ದು ತಾನೇ ಅನ್ನೋದು ಅಷ್ಟ್ರಲ್ಲೇ ಮರ್ತೋಗಿತ್ತು ಆ ಎಕ್ಸ್‌ಪರ್ಟಿಗೆ. ನಾನು ಆಗ ಪೇಪರ್ ಮೇಲೆ ದಡಕ್ಕನೆ ಎದ್ದು ಕುಂತೆ. ಹಸಿನ ವಿಷಯಕ್ಕಲ್ಲ. ತಟ್ಟೆ! ನಾನು ತಟ್ಟೆ ನೋಡೇ ಇರ್ಲಿಲ್ಲ.

ಅಕ್ಕ ಬಾಗ್ಲಲ್ಲೇ ನಿಂತಿದ್ಲು. ನಾನು ಸ್ನಾನ ಮಾಡೋಗಂಟ ಕಾದು, ಬಚ್ಚಲು ಮನೆ ಬಾಗ್ಲಲ್ಲೇ ಹಿಡ್ಕಂಡ್ಲು. ತಟ್ಟೆ ಏನಾಯ್ತು ಅಂತ.

ಇಂಥ ಹೊತ್ತಲ್ಲಿ ಒಬ್ಬ ಬುದ್ಧಿವಂತ ಏನು ಮಾಡ್ತಾನೆ? ಎದುರಿನೋನ ಮರ್ಯಾದೆ ತೆಗೀತಾನೆ. ಕೈ ಬಿಟ್ಟೋಗಿರೋ ಸಂಬಂಧ, ಹುಡುಗನೇ ಸರಿ ಇಲ್ಲ ಅಂದ್ರೆ ಎಲ್ರಿಗೂ ಸಮಾಧಾನ. ತಟ್ಟೆ ಬಿಡಕ್ಕ, ಆ ಮನುಷ್ಯ ಪೂರ್ತಿ ಹೆಡ್ಡ ಅಂದೆ. ಹಸ ಓಡ್ತಾ ಇದ್ರೆ ಹಗ್ಗ ತರೋದು ಬಿಟ್ಟು ತೆಂಗಿನ ನಾರು ಹಿಡ್ಕಂಡು ಬಂದ, ಮೊಣಕೈವರೆಗೂ ಬೂದಿ ಮೆತ್ಕಂಡಿದ್ದ, ನೆಂಟರು ಬಂದಿರೋವಾಗ ಹಿತ್ಲಲ್ಲಿ ಅದೇನು ಆಟ ಆಡ್ತಿದ್ನೋ ಅಂತ ಆಕ್ಷನ್ ಮಾಡಿ ತೋರಿಸ್ದೆ.

ಅಕ್ಕ ನಗಲಿಲ್ಲ. "ನಾರು ಒದ್ದೆ ಇತ್ತಾ?"

ಇತ್ತು ಅಂದೆ. ನೀರು ಸುರೀತಿತ್ತು.

"ನೀನು ವಾಪಸ್ ಒಳಗೆ ಹೋದಾಗ ನಿನ್ ತಟ್ಟೆ ಎಲ್ಲಿತ್ತು?"

ಯೋಚ್ನೆ ಮಾಡ್ದೆ. ಇರ್ಲಿಲ್ಲ. ನಂದೂ ಇರ್ಲಿಲ್ಲ, ಅಪ್ಪಂದೂ ಇರ್ಲಿಲ್ಲ, ಯಾರ ತಟ್ಟೇನೂ ಇರ್ಲಿಲ್ಲ. ಜಯಮ್ಮ ಎತ್ತಿದ್ರಾ ಅಂದ್ಲು. ಇಲ್ಲ, ಅವ್ರು ಹಜಾರದಲ್ಲೇ ಇದ್ರು, ಕೈ ಒಣಗಿತ್ತು.

ಅಕ್ಕ ಗೋಡೆಗೆ ಒರಗಿ ನಗಕ್ಕೆ ಸುರು ಮಾಡಿದ್ಲು. ನಾರು, ಬೂದಿ, ಮಾಯ ಆದ ತಟ್ಟೆ ಮೂರೂ ಜೋಡಿಸ್ಕಂಡು, ಅವ್ನು ಹಿತ್ಲಲ್ಲಿ ತಟ್ಟೆ ಬೆಳಗ್ತಿದ್ದ ಅಂತ ನನಗೂ ಅರ್ಥ ಆಗೋಹೊತ್ಗೆ ಅವ್ಳು ಕಣ್ಣೊರೆಸ್ಕೋತಿದ್ಲು. "ಅಜ್ಜಿಗಾದ್ರೆ ಪೊರೆ ಕಣ್ಲಾ, ಆಪ್ರೇಷನ್ ಮಾಡಿಸ್ಬೋದು," ಅಂದ್ಲು. "ನಿಂಗೇನು ಮಾಡ್ಸೋದು?"

ಸರಿ, ಅಕ್ಕ ಹೂಂ ಅಂದಂಗಾಯ್ತು. ಆದ್ರೆ ಅವ್ರು ಹೂಂ ಅನ್ಬೇಕಲ್ಲ. ಮನೆ ಎಲ್ಲ ಸೂತಕದಂಗಿತ್ತು. ಮಾರ್ನೇ ದಿನ ಅಕ್ಕ ಯಾರನ್ನೂ ಕೇಳದೆ ತಾನೇ ಮಾದೇಶನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನಮ್ಮ ಮಧ್ಯ ಇಟ್ಲು. ನಾವು ಉಣ್ತಾ ಕುಂತಿದ್ವಿ. ಅವಳು ನನ್ನ ಪರವಾಗಿ ತಪ್ಪಾಯ್ತು ಅಂದ್ಲು. ಆ ಕಡೆಯಿಂದ ನೆಲ ನೋಡೋ ಮಾದೇಶ ನಿಧಾನಕ್ಕೆ ಮಾತಾಡ್ದ. ಅಂದು ನೋಡಣ ಅಂದಿದ್ನಲ್ಲ, ಅದಕ್ಕೆ ಹಾಲಿನ ಲೆಕ್ಕ ಕೊಡಕ್ಕೆ ಕೆ.ಆರ್. ಪೇಟೆಗೆ ಹೋದಾಗ ಎರಡು ಸ್ಕೂಲಿಗೆ ಹೋಗಿ ವಿಚಾರಿಸ್ಕಂಡು ಬಂದವ್ನಂತೆ. ಒಂದ್ರಲ್ಲಿ ಇಂಗ್ಲೀಷ್ ಟೀಚರು ಬೇಕಂತೆ. ಬಸ್ಸು ಎಷ್ಟೊತ್ತಿಗೆ ಅಂತಾನೂ ನೋಡ್ಕಂಡವ್ನೆ. ನೋಡಣ ಅಂದು ನಿಜವಾಗ್ಲೂ ಹೋಗಿ ನೋಡಿದ ಮೊದಲ್ನೇ ಗಂಡಸನ್ನ ನಮ್ಮನೆ ಅವತ್ತು ಕೇಳಿಸ್ಕತು. ಅವ್ವ ಅಪ್ಪನ ಕಡೆ ತಿರುಗಿ ಒಂದು ನೋಟ ನೋಡಿದ್ಲು. ಅದಕ್ಕೆ ಇಂಗ್ಲೀಷಲ್ಲಿ ಪದ ಇಲ್ಲ.

ಫೋನಲ್ಲೇ ಅವ್ನ ಹಿಂದಿಂದ ಜಯಮ್ಮನ ದನಿ ಬಂತು. "ಆ ಹುಡುಗ ತಟ್ಟೆ ಕಿಟಕೀಲಿ ಇಟ್ಟೋಗಿದ್ದ. ಅವ್ರ ಮನೇಲಿ ಗಂಡಸ್ರು ಯಾರೂ ತಟ್ಟೆ ಎತ್ತಾಕಿಲ್ವಾ ಕೇಳ್ಲಾ. ನಮ್ಮನೆ ತಟ್ಟೆ ಎಲ್ಲಿಟ್ಟಾನು ಅಂತ ನಾನು ಅವ್ನನ್ನೇ ನೋಡ್ತಿದ್ದೆ."

ಅಂದ್ರೆ! ನಾನು ಇಡೀ ಮನೆ ವಾಚ್ ಮಾಡ್ತಿದ್ದೀನಿ ಅನ್ಕಂಡಿರೋವಾಗ, ಜಯಮ್ಮ ನನ್ನನ್ನ ವಾಚ್ ಮಾಡಿ, ನನ್ನಿಂದ ನಮ್ಮ ಮನೆ ನೋಡ್ಕಂಡಿದ್ರು.

ಅಪ್ಪ ತಟ್ಟೇಲಿ ಕೈ ತೊಳೆಯಕ್ಕೆ ಅಂತ ಚೊಂಬು ಎತ್ತಿದ್ದ. ಅದು ಅರ್ಧದಲ್ಲೇ ನಿಂತೋಯ್ತು. ಚೊಂಬು ಕೆಳಗಿಟ್ಟು, ತಟ್ಟೆ ಎತ್ಕಂಡು ಎದ್ದು ನಿಂತ. ಆಮೇಲೆ ಅವ್ವನ ಕಡೆ ತಿರುಗಿ, ಇದನ್ನ ಎಲ್ಲಿಡ್ತಾರೆ ಅಂತ ಮೆಲ್ಲಗೆ ಕೇಳ್ದ.

ಮೆಲ್ಲಗೆ ಕೇಳಿದ್ರೂ ಸ್ಪೀಕರಲ್ಲಿ ಅದು ಜಯಮ್ಮನಿಗೆ ಕೇಳಿಸ್ತು. ಸಂಬಂಧ ಕುದುರ್ತು. ಮಾತು ಮುಗ್ಸಕ್ಕೆ ಇನ್ನೊಂದ್ಸಲ ಅಕ್ಕಿಹೆಬ್ಬಾಳಿಗೆ ಹೋದ್ವಿ. ಒಪ್ಪಿಗೆ ಆಗಿದ್ರಿಂದ ಈ ಸಲ ಊಟಾನೇ. ನಾನು ಉಂಡಾದ್ಮೇಲೆ ಎಲ್ರಿಗೂ ಕಾಣಂಗೆ, ಸ್ವಲ್ಪ ಸದ್ದು ಮಾಡ್ಕಂಡೇ, ನನ್ನ ತಟ್ಟೆ ಎತ್ಕಂಡು ಹಿತ್ಲಿಗೆ ಹೋದೆ. ಅಪ್ಪಂದು ಅಲ್ಲಾಗ್ಲೇ ಇತ್ತು. ಬೋರಣ್ಣ ಮಾವಂದು ಮಾತ್ರ ಇನ್ನೂ ಬಡಿಸ್ಕೋತಿತ್ತು.

ಇವ್ನು ಉದ್ಧಾರ ಆದ ಅಂತ ಜಯಮ್ಮ ಹೊಗಳ್ತಾರೇನೋ ಅಂತ ಬಾಗ್ಲಲ್ಲಿ ಒಂದು ಗಳಿಗೆ ನಿಂತೆ. ಜಯಮ್ಮ ಕೊಟ್ಟಿಗೆ ಕಡೆ ಕೈ ತೋರ್ಸಿದ್ರು. ಕೆಂದಿಗೆ ಕಲಗಚ್ಚಿನ ಹೊತ್ತಾಯ್ತು, ಕರ್ಕಂಡು ಹೋಗಿ ಕುಡಿಸ್ಕಂಡು ಬಾ, ಅದು ಕುಡ್ದು ಮುಗ್ಸೋಗಂಟ ಹಗ್ಗ ಎಳೀಬೇಡ, ಬರೀ ನೋಡ್ತಾ ನಿಂತಿರು ಅಂದ್ರು.

ನಿಂತೆ. ನಾನು ಹಸನ ಲುಕ್ ಮಾಡ್ತಿದ್ದೆ. ಹಸ ಬಾನಿಯಿಂದ ಮೂತಿ ಎತ್ತಿ, ಕುಡಿಯೋದು ನಿಲ್ಲಿಸಿ, ಕಣ್ಣು ಕೀಳದೆ ನನ್ನನ್ನ ವಾಚ್ ಮಾಡ್ತಿತ್ತು.